ಬೆಳ್ಳಿಗೆ ಹತ್ತಿದ ಬಣ್ಣ

ನಮ್ಮ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಯ ಹಿಂದಿನ ದಿನ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಅಜ್ಜಿಯ ಮರದ ಪೆಟ್ಟಿಗೆಯಿಂದ ಕೆಂಪು ಬಟ್ಟೆಯ ಗಂಟೊಂದು ಹೊರಗೆ ಬರುವುದು. ಬಿಚ್ಚಿದರೆ ಹದಿನೇಳು ಬೆಳ್ಳಿಯ ರೂಪಾಯಿಗಳು. ವಿಕ್ಟೋರಿಯಾ ರಾಣಿಯ ಮುಖವಿದ್ದವು ಐದು, ಕಿರೀಟವಿಲ್ಲದ ಏಳನೆಯ ಎಡ್ವರ್ಡನವು ಮೂರು, ಉಳಿದವೆಲ್ಲ ಐದನೆಯ ಜಾರ್ಜನವು. ವರ್ಷಕ್ಕೊಂದು ದಿನ ಮಾತ್ರ ಬೆಳಕು ಕಾಣುತ್ತಿದ್ದ ಈ ನಾಣ್ಯಗಳು, ಹಿಂದಿನ ವರ್ಷ ಎಷ್ಟೇ ಬೆಳಗಿಟ್ಟಿದ್ದರೂ, ಮತ್ತೆ ಕಂದಿಹೋಗಿರುತ್ತಿದ್ದವು. ಹುಣಿಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಇಷ್ಟನ್ನು ಹಿಡಿದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕುಳಿತು ಅವನ್ನು ತಿಕ್ಕುವುದು ಹುಡುಗನಾದ ನನ್ನ ಪಾಲಿನ ಕೆಲಸ. ತಿಕ್ಕಿ ತೊಳೆದು ತಟ್ಟೆಯಲ್ಲಿ ಸುರಿದಾಗ ಬೆಳ್ಳಗೆ ಮಿಂಚುತ್ತಿದ್ದ ಆ ರಾಶಿಯನ್ನು ನೋಡಿ ಅಜ್ಜಿ, “ಈಗ ಲಕ್ಷ್ಮಿಯ ಕಳೆ ಬಂತು” ಎನ್ನುತ್ತಿದ್ದರು.

ಒಂದು ವರ್ಷ ಪೆಟ್ಟಿಗೆಯ ತಳದಲ್ಲಿ ಹದಿನೆಂಟನೆಯದೊಂದು ಸಿಕ್ಕಿತು. ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಯಾರೋ ಯಾವಾಗಲೋ ಇಟ್ಟು ಮರೆತದ್ದು. 1918ರ ರೂಪಾಯಿ. ಬಿಡಿಸಿ ನೋಡಿದರೆ ಅದು ಉಳಿದವುಗಳಂತೆ ಕಪ್ಪಾಗಿರಲಿಲ್ಲ. ಅಂಚಿನ ಸುತ್ತ ನೀಲಿ. ಅದರಿಂದ ಒಳಕ್ಕೆ ನೇರಿಳೆ, ಆಮೇಲೆ ಕೆಂಪು ಬೆರೆತ ಹೊನ್ನಿನ ಬಣ್ಣ. ನಡುವೆ ರಾಜನ ಕೆನ್ನೆಯ ಮೇಲೆ ಮಾತ್ರ ಬೆಳ್ಳಿಯ ಬಿಳುಪು. ಪಾರಿವಾಳದ ಕೊರಳು ಬಿಸಿಲಿಗೆ ತಿರುಗಿದಂತೆ ಅದು ಕೈಯಲ್ಲಿ ತಿರುಗಿದ ಹಾಗೆಲ್ಲ ಬಣ್ಣ ಬದಲಿಸುತ್ತಿತ್ತು. ನಾನು ಅದನ್ನು ಎಲ್ಲಕ್ಕಿಂತ ಹೆಚ್ಚು ಕೊಳೆಯಾದದ್ದು ಎಂದು ತಿಳಿದು, ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯಿಂದ ತಿಕ್ಕಿದೆ. ಕಾಲು ಗಂಟೆಯಲ್ಲಿ ಅದು ಉಳಿದ ಹದಿನೇಳರ ಹಾಗೆಯೇ ಆಯಿತು. ಮನೆಯವರೆಲ್ಲ ಶಹಭಾಸ್ ಎಂದರು.

ಈ ಶಹಭಾಸ್‌ಗಿರಿಯ ಬೆಲೆ ಏನೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಮೆರಿಕದಿಂದ ಬಂದ ಮಿತ್ರರೊಬ್ಬರು ಗಾಜಿನಂಥ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಳಗೆ ಭದ್ರವಾಗಿದ್ದ ಒಂದು ಬೆಳ್ಳಿಯ ಡಾಲರನ್ನು ತೋರಿಸಿದರು. 1881ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚಾದದ್ದು. ಅದರ ಮೇಲೆ ನಾನು ಬಚ್ಚಲಲ್ಲಿ ತೊಳೆದುಬಿಟ್ಟ ಅದೇ ನೀಲಿ, ಅದೇ ನೇರಿಳೆ, ಅದೇ ಹೊನ್ನು! “ಇದಕ್ಕೆ ಬಿಳಿಯ ಡಾಲರಿನ ಹಲವು ಪಟ್ಟು ಕೊಟ್ಟೆ” ಎಂದರು ಮಿತ್ರರು. “ಯಾತಕ್ಕೆ?” ಎಂದೆ. “ಈ ಮಾಸಿಗೆ” ಎಂದರು.

ಮಾಸಿಗೆ ಹಣ ಕೊಡುವವರುಂಟೆ? ಉಂಟು, ಮತ್ತು ಅವರು ಹುಚ್ಚರಲ್ಲ. ನಾಣ್ಯಸಂಗ್ರಾಹಕರು ಇದನ್ನು ‘ಟೋನಿಂಗ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾವು ಕಪ್ಪು ಹಿಡಿಯಿತು, ಮಾಸಿತು, ಕಂದಿತು ಎಂದೆಲ್ಲ ಹೇಳುತ್ತೇವೆಯೇ ಹೊರತು ಬೆಳ್ಳಿಗೆ ಬಣ್ಣ ಹತ್ತಿತು ಎನ್ನುವ ರೂಢಿ ಇಲ್ಲ. ವಸ್ತುವಿನ ದೃಷ್ಟಿಯಿಂದ ಎರಡೂ ಒಂದೇ. ವ್ಯತ್ಯಾಸವಿರುವುದು ಎಷ್ಟು ದಪ್ಪ ಎಂಬುದರಲ್ಲಿ, ಎಷ್ಟು ನಿಧಾನವಾಗಿ ಎಂಬುದರಲ್ಲಿ.

ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಗಾಳಿಯ ಆಮ್ಲಜನಕ ಮತ್ತು ತೇವ. ಬೆಳ್ಳಿ ಇವೆರಡಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಅದರ ಶತ್ರು ಗಂಧಕ. ಊರಿನ ಗಾಳಿಯಲ್ಲಿ, ಕಲ್ಲಿದ್ದಲ ಹೊಗೆಯಲ್ಲಿ, ಚರಂಡಿಯ ದುರ್ವಾಸನೆಯಲ್ಲಿ, ಉಣ್ಣೆಯ ಬಟ್ಟೆಯಲ್ಲಿ, ರಬ್ಬರಿನಲ್ಲಿ, ಕೆಲವು ಬಗೆಯ ಕಾಗದ ಮತ್ತು ರಟ್ಟಿನಲ್ಲಿ ಗಂಧಕದ ಸಂಯುಕ್ತಗಳು ಅಷ್ಟಿಷ್ಟು ಇದ್ದೇ ಇರುತ್ತವೆ. ಕೋಳಿಮೊಟ್ಟೆ ತಿಂದ ಬೆಳ್ಳಿಯ ಚಮಚ ಕಪ್ಪಾಗುವುದೂ ಇದರಿಂದಲೇ. ಈ ಗಂಧಕ ಬೆಳ್ಳಿಯೊಡನೆ ಕೂಡಿ ಬೆಳ್ಳಿಯ ಸಲ್ಫೈಡು ಎಂಬ ತೆಳುಪೊರೆಯಾಗುತ್ತದೆ. ಸಲ್ಫೈಡಿನ ಸ್ವಂತ ಬಣ್ಣವೇನೋ ಕಪ್ಪು. ಆದರೆ ಪೊರೆ ತೀರ ತೆಳುವಾಗಿರುವಾಗ, ಎಂದರೆ ನಾವು ಬರೆಯುವ ಹಾಳೆಯ ದಪ್ಪದಲ್ಲಿ ಸಾವಿರಕ್ಕೊಂದು ಪಾಲು ಕೂಡ ಇಲ್ಲದಿರುವಾಗ, ಒಂದು ಚೋದ್ಯ ನಡೆಯುತ್ತದೆ. ಬಿದ್ದ ಬೆಳಕಿನಲ್ಲಿ ಸ್ವಲ್ಪ ಪೊರೆಯ ಮೇಲ್ಮೈಯಿಂದ ಹಿಂದಿರುಗುತ್ತದೆ. ಉಳಿದದ್ದು ಪೊರೆಯನ್ನು ಹಾಯ್ದು ಕೆಳಗಿನ ಬೆಳ್ಳಿಗೆ ತಗಲಿ ಹಿಂದಿರುಗುತ್ತದೆ. ಹೀಗೆ ಎರಡು ದಾರಿಯಲ್ಲಿ ಬಂದ ಬೆಳಕು ಮತ್ತೆ ಕೂಡುವಾಗ ಕೆಲವು ಬಣ್ಣಗಳು ಒಂದನ್ನೊಂದು ಅಳಿಸುತ್ತವೆ, ಕೆಲವು ಉಳಿಯುತ್ತವೆ. ಉಳಿದದ್ದು ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ. ಮಳೆಗಾಲದಲ್ಲಿ ನೆನೆದ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ, ಸೋಪಿನ ಗುಳ್ಳೆಯಲ್ಲಿ ನಾವು ಕಾಣುವುದು ಇದನ್ನೇ. ರಾಬರ್ಟ್ ಹುಕ್ 1665ರಲ್ಲಿ ಇಂಥ ಬಣ್ಣಗಳನ್ನು ವರ್ಣಿಸಿದ. ನ್ಯೂಟನ್ ಅವನ್ನು ಅಳೆದ. ಅಳಿಸುವ ಉಳಿಸುವ ಈ ಲೆಕ್ಕವನ್ನು ಸರಿಯಾಗಿ ಬಿಡಿಸಿದವನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತಾಮಸ್ ಯಂಗ್. ನಮ್ಮ ಬೆಂಗಳೂರಿನಲ್ಲಿಯೇ ಸಿ. ವಿ. ರಾಮನ್ ಅವರು 1940ರ ಸುಮಾರಿನಲ್ಲಿ, ಮಣ್ಣಿನಲ್ಲಿ ಹೂತು ಪದರಪದರವಾಗಿ ಶಿಥಿಲವಾದ ಪುರಾತನ ಗಾಜಿನ ಚೂರುಗಳ ಬಣ್ಣವನ್ನು ಅಭ್ಯಾಸ ಮಾಡಿದ್ದರು. ಅದೂ ಇದೇ ಕುಲದ ವಿದ್ಯಮಾನ.

ಪೊರೆ ಬೆಳೆದಂತೆ ಬಣ್ಣಗಳು ಒಂದು ಕ್ರಮದಲ್ಲಿ ಬರುತ್ತವೆ ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಮೊದಲು ತೆಳು ಹಳದಿ, ಆಮೇಲೆ ಹೊನ್ನು, ಕೆಂಗಂದು, ನೇರಿಳೆ, ಆಮೇಲೆ ನೀಲಿ, ಇನ್ನೂ ಬೆಳೆದರೆ ಹಸಿರುಬೆರೆತ ತಿಳಿನೀಲಿ, ಮತ್ತೊಮ್ಮೆ ಹಳದಿ ಕೆಂಪುಗಳ ಸರತಿ, ಕೊನೆಗೆ ಬಣ್ಣಗಳೆಲ್ಲ ಮುಳುಗಿ ಮಸಿಯ ಕಪ್ಪು. ನನ್ನ 1918ರ ರೂಪಾಯಿಯ ಅಂಚು ನೀಲಿಯಾಗಿ ನಡುವು ಬೆಳ್ಳಗಿದ್ದುದಕ್ಕೆ ಅರ್ಥವಿಷ್ಟೇ: ಪಂಚಾಂಗದ ಕಾಗದ ಅಂಚನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು; ಗಂಧಕ ಅಂಚಿನಿಂದ ಒಳಕ್ಕೆ ಹೆಜ್ಜೆಹೆಜ್ಜೆಯಾಗಿ ಬರುತ್ತಿತ್ತು. ಹೇಗೆ ಸುತ್ತಿಟ್ಟಿದ್ದರು ಎಂಬ ಸಂಗತಿ ಆ ಬಣ್ಣದಲ್ಲಿ ಬರೆದಿತ್ತು. ಅದನ್ನು ಓದುವ ಮೊದಲೇ ನಾನು ಅಳಿಸಿದೆ.

ಇನ್ನು ಮಿತ್ರರ ಡಾಲರಿನ ಕಥೆ. ಈ ಕಥೆಗೂ ನನ್ನ ರೂಪಾಯಿಗೂ ನಂಟಿದೆ ಎಂದು ಆ ದಿನ ನನಗೆ ಗೊತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕದ ನೆವಾಡಾ ಸೀಮೆಯ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿಯಿತು. ಬೆಲೆ ಇಳಿಯಿತು. ಗಣಿಯ ಧಣಿಗಳೂ, ಹಣ ಸುಲಭವಾಗಿ ಸಿಕ್ಕಬೇಕೆಂಬ ಸಾಲಗಾರ ರೈತರೂ ಕೂಡಿ ಗದ್ದಲ ಮಾಡಿದ್ದರ ಫಲವಾಗಿ 1878ರಲ್ಲಿ ಬ್ಲಾಂಡ್–ಆಲಿಸನ್ ಕಾನೂನು ಬಂದಿತು. ಅದರ ಪ್ರಕಾರ ಸರ್ಕಾರ ತಿಂಗಳಿಗೆ 20 ಲಕ್ಷದಿಂದ 40 ಲಕ್ಷ ಡಾಲರಿನಷ್ಟು ಬೆಳ್ಳಿಯನ್ನು ಕೊಂಡು ನಾಣ್ಯವಾಗಿ ಅಚ್ಚುಹಾಕಲೇಬೇಕು. ಜನಕ್ಕೆ ಬೇಕೇ ಎಂದು ಕೇಳಿದವರಿಲ್ಲ. ಜಾರ್ಜ್ ಮಾರ್ಗನ್ ಎಂಬ ಇಂಗ್ಲೆಂಡ್ ಮೂಲದ ಕೆತ್ತನೆಗಾರ ಚಿತ್ರ ರಚಿಸಿದ. ಅವನ ಹೆಸರೇ ನಾಣ್ಯಕ್ಕೆ ನಿಂತಿತು. ಒಂದೊಂದೂ 26.73 ಗ್ರಾಂ ತೂಕ, ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಅಷ್ಟು ದೊಡ್ಡ ಗಾಲಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಲು ಪೂರ್ವದ ಪಟ್ಟಣಗಳ ಜನ ಒಪ್ಪಲಿಲ್ಲ. ಅವರು ಅದರ ಬದಲು ಕೊಡುತ್ತಿದ್ದ ಕಾಗದದ ಪತ್ರವನ್ನೇ ಇಟ್ಟುಕೊಂಡರು. 1904ರ ಹೊತ್ತಿಗೆ ಸುಮಾರು 57 ಕೋಟಿ ಡಾಲರುಗಳು ಅಚ್ಚಾಗಿದ್ದವು. ಅವುಗಳಲ್ಲಿ ಬಹುಪಾಲು ಒಬ್ಬರ ಕೈಗೂ ಬಾರದೆ, ಸಾವಿರಕ್ಕೊಂದು ಚೀಲದಂತೆ ದಪ್ಪ ಕ್ಯಾನ್‌ವಾಸ್ ಚೀಲಗಳಲ್ಲಿ ಖಜಾನೆಯ ನೆಲಮಾಳಿಗೆಗಳನ್ನು ಸೇರಿದವು. ಒಂದು ಚೀಲಕ್ಕೆ ಹೆಚ್ಚುಕಡಿಮೆ 27 ಕಿಲೋ. ಚೀಲದ ಮೇಲೆ ಚೀಲ, ಅದರ ಮೇಲೆ ಚೀಲ.

ಇವು ಹೀಗೆ ಕತ್ತಲೆಯಲ್ಲಿ ಮಲಗಿದ್ದಾಗ ಮೊದಲನೆಯ ಮಹಾಯುದ್ಧ ಬಂದಿತು. ಯುದ್ಧಕ್ಕೆ ಹಿಂದೂಸ್ಥಾನದಿಂದ ಸೆಣಬು, ಚರ್ಮ, ಧಾನ್ಯ, ಸೈನ್ಯ ಎಲ್ಲ ಹೋಗುತ್ತಿತ್ತು. ಅದಕ್ಕೆ ಇಲ್ಲಿಯ ರೈತನಿಗೂ ವರ್ತಕನಿಗೂ ರೂಪಾಯಿ ಎಣಿಸಬೇಕು. ರೂಪಾಯಿಗೆ ಬೆಳ್ಳಿ ಬೇಕು. ಬೆಳ್ಳಿಯ ಬೆಲೆ ದಿನದಿನಕ್ಕೆ ಏರುತ್ತಿತ್ತು. ಸರ್ಕಾರ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟನ್ನೂ, ಮರುವರ್ಷದ ಮೊದಲಲ್ಲಿ ಎರಡೂವರೆ ರೂಪಾಯಿಯ ನೋಟನ್ನೂ ಹೊರಡಿಸಿತು. ಕಲ್ಲಿನ ಮೇಲೆ ಟಣ್ಣೆನಿಸಿ ರೂಪಾಯಿಯ ನಾದ ಕೇಳಿ ತೆಗೆದುಕೊಂಡು ರೂಢಿಯಾದವರಿಗೆ ಕಾಗದ ಎಲ್ಲಿ ರುಚಿಸೀತು? (ನಮ್ಮ ಜನ ರೂಪಾಯಿಯನ್ನು ಎಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದರೆಂಬುದಕ್ಕೆ 1911ರ ನಾಣ್ಯವೇ ಸಾಕ್ಷಿ. ರಾಜನ ನಿಲುವಂಗಿಯ ಮೇಲಿನ ಪದಕದಲ್ಲಿದ್ದ ಕಾಳಿನಷ್ಟು ಆನೆ ಹಂದಿಯಂತೆ ಕಾಣುತ್ತದೆಂದು ಗುಲ್ಲಾಗಿ ಆ ಅಚ್ಚನ್ನೇ ತಿದ್ದಬೇಕಾಯಿತು.) ಯುದ್ಧದ ಕೆಟ್ಟ ಸುದ್ದಿಗಳು ಬಂದಂತೆಲ್ಲ ನೋಟು ಹಿಡಿದು ರೂಪಾಯಿ ಕೇಳುವವರ ಸಾಲು ಬೆಳೆಯಿತು. 1918ರ ವಸಂತದಲ್ಲಿ ಸರ್ಕಾರ ತನ್ನ ನೋಟಿಗೆ ತಾನೇ ರೂಪಾಯಿ ಕೊಡಲಾರದ ಸ್ಥಿತಿಯ ಅಂಚಿಗೆ ಬಂದು ನಿಂತಿತ್ತು.

ಆಗ ಬ್ರಿಟನ್ನು ಅಮೆರಿಕದ ಚೀಲಗಳ ಕಡೆ ಕೈಚಾಚಿತು. ವಾಷಿಂಗ್ಟನ್ನಿನಲ್ಲಿ ಆಗ ಬ್ರಿಟನ್ನಿನ ರಾಯಭಾರಿಯಾಗಿದ್ದವರು ಲಾರ್ಡ್ ರೆಡಿಂಗ್. ಮೂರು ವರ್ಷದ ಮೇಲೆ ವೈಸರಾಯರಾಗಿ ನಮ್ಮಲ್ಲಿಗೇ ಬಂದವರು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾನೂನು ಹೊರಟಿತು. ಅದನ್ನು ಮಂಡಿಸಿದ ಸೆನೆಟರ್ ಪಿಟ್‌ಮನ್ ನೆವಾಡಾದವರು, ಅಂದರೆ ಬೆಳ್ಳಿಯ ಗಣಿಗಳ ಊರಿನವರು. ಆದುದರಿಂದ ಕಾನೂನಿನಲ್ಲಿ ಒಂದು ಜಾಣತನವೂ ಇತ್ತು: ಈಗ ಕರಗಿಸಿದಷ್ಟು ಬೆಳ್ಳಿಯನ್ನು ಮುಂದೆ ಅಮೆರಿಕದ ಗಣಿಗಳಿಂದಲೇ ಔನ್ಸಿಗೆ ಒಂದು ಡಾಲರಿನಂತೆ ಕೊಂಡು ತುಂಬಬೇಕು. ಪೇಟೆಯಲ್ಲಿ ಬೆಲೆ ಕುಸಿದ ಮೇಲೂ ಅದೇ ದರಕ್ಕೆ ಕೊಂಡರು. ಪರೋಪಕಾರದಲ್ಲಿ ಸ್ವಂತದ್ದನ್ನು ಮರೆಯದ ರಾಜಕಾರಣಿಗಳು ಎಲ್ಲ ದೇಶದಲ್ಲೂ ಉಂಟು.

ಕರಗಿದ ಡಾಲರುಗಳ ಒಟ್ಟು ಲೆಕ್ಕ 27,02,32,722. ಅದರಲ್ಲಿ 25,91,21,554 ನಾಣ್ಯಗಳ ಬೆಳ್ಳಿ ಹಿಂದೂಸ್ಥಾನದ ಸಲುವಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಸುಮಾರು 20 ಕೋಟಿ ಔನ್ಸು. ಹತ್ತಿರ ಹತ್ತಿರ ಅರ್ಧದಷ್ಟು ಡಾಲರುಗಳು ಮೂಸೆಗೆ ಹೋದವು. ಯಾವ ವರ್ಷದವು, ಯಾವ ಟಂಕಸಾಲೆಯವು ಎಂದು ಯಾರೂ ಬರೆದಿಡಲಿಲ್ಲ. ಬೆಳ್ಳಿಯ ತೂಕ ಬೇಕಾಗಿತ್ತು, ತೂಕ ಸಿಕ್ಕಿತು; ಅಷ್ಟೇ. ಗಟ್ಟಿಗಳಾಗಿ ಹಡಗು ಹತ್ತಿದ ಬೆಳ್ಳಿ ಮುಂಬಯಿ, ಕಲ್ಕತ್ತೆಯ ಟಂಕಸಾಲೆಗಳಲ್ಲಿ ರೂಪಾಯಿಯಾಗಿ ಹೊರಬಿದ್ದಿತು. ಒಂದು ಡಾಲರಿನಲ್ಲಿ ಶುದ್ಧ ಬೆಳ್ಳಿ 371¼ ಗ್ರೇನು. ನಮ್ಮ ರೂಪಾಯಿಯಲ್ಲಿ 165 ಗ್ರೇನು. ಭಾಗಿಸಿ ನೋಡಿ: ಒಂದು ಡಾಲರಿಗೆ ಸರಿಯಾಗಿ ಎರಡೂಕಾಲು ರೂಪಾಯಿ. ಕಾಗದದ ಮೇಲಿನ ಲೆಕ್ಕದಲ್ಲಿ ಆ ಡಾಲರುಗಳ ಬೆಳ್ಳಿಗೆ 58 ಕೋಟಿ ರೂಪಾಯಿ ಆಗುತ್ತದೆ. 1918, 1919, 1920ರ ಐದನೆಯ ಜಾರ್ಜನ ರೂಪಾಯಿಗಳು ಇಂದಿಗೂ ಅಗ್ಗವಾಗಿ, ಯಥೇಚ್ಛವಾಗಿ ಸಿಕ್ಕುವುದಕ್ಕೆ ಇದೂ ಒಂದು ಕಾರಣ. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದ್ದದ್ದು ನೆವಾಡಾದ ಬೆಟ್ಟದ ಬೆಳ್ಳಿಯಾಗಿದ್ದರೆ ಆಶ್ಚರ್ಯವೇನೂ ಇಲ್ಲ.

ಕರಗದೆ ಉಳಿದ ಡಾಲರುಗಳು ಚೀಲದಲ್ಲೇ ಇದ್ದವು. ಒಂದು ಚೀಲದ ಸಾವಿರ ನಾಣ್ಯಗಳಲ್ಲಿ ನಡುವಿನವು ಒಂದಕ್ಕೊಂದು ಒತ್ತಿಕೊಂಡು, ಗಾಳಿ ತಗಲದೆ, ನಲವತ್ತು ಐವತ್ತು ಎಂಬತ್ತು ವರ್ಷ ಬೆಳ್ಳಗೇ ಉಳಿದವು. ಹೊರಸುತ್ತಿನಲ್ಲಿ ಬಟ್ಟೆಗೆ ತಗಲಿಕೊಂಡಿದ್ದವುಗಳಿಗೆ ಮಾತ್ರ, ನೆಯ್ಗೆಯಲ್ಲಿದ್ದ ಗಂಧಕವೂ ನೆಲಮಾಳಿಗೆಯ ತೇವವೂ ಕೂಡಿ, ಬಣ್ಣ ಹತ್ತಿತು. ಅದೂ ಸಾಮಾನ್ಯವಾಗಿ ಒಂದೇ ಮುಖಕ್ಕೆ. ಕೆಲವಕ್ಕೆ ಕ್ಯಾನ್‌ವಾಸಿನ ಹಾಸುಹೊಕ್ಕಿನ ಗೆರೆಗಳೇ ಬಣ್ಣದಲ್ಲಿ ಮೂಡಿದವು. ಇನ್ನು ಕೆಲವಕ್ಕೆ ಪಕ್ಕದ ನಾಣ್ಯ ಅರ್ಧ ಮುಚ್ಚಿಕೊಂಡಿದ್ದರಿಂದ, ಮುಚ್ಚಿದ ಭಾಗ ಬಿಳಿಯಾಗಿ, ತೆರೆದ ಭಾಗ ಚೌತಿಯ ಚಂದ್ರನಂತೆ ಬಣ್ಣದ ಕಮಾನಾಗಿ ನಿಂತಿತು. ಬಲ್ಲವರು ಅಂಥದೊಂದನ್ನು ಕೈಗೆ ಕೊಟ್ಟರೆ, ಇದು ಚೀಲದ ಹೊರಸುತ್ತಿನಲ್ಲಿತ್ತು, ಇದರ ನೆತ್ತಿಯ ಮೇಲೆ ಇನ್ನೊಂದು ಒರಗಿತ್ತು ಎಂದು ಹೇಳಬಲ್ಲರು. ಸಾವಿರ ವರ್ಷದ ಹಿಂದಿನ ಶಾಸನದಲ್ಲಿ ಸಾಲು ತಪ್ಪಿದ ಅಕ್ಷರವೊಂದನ್ನು ಹಿಡಿದು ಸಂಶೋಧಕರು ವಾದಿಸುವುದಿಲ್ಲವೆ? ಈ ಓದೂ ಅದಕ್ಕೆ ಕಡಮೆಯದೇನಲ್ಲ.

1962ರ ಕೊನೆಯಲ್ಲಿ ಫಿಲಡೆಲ್ಫಿಯಾದ ಮಾಳಿಗೆಯೊಂದನ್ನು ತೆರೆದಾಗ ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಹಳೆಯ ಚೀಲಗಳು ಹೊರಬಂದವು. ಅವುಗಳಲ್ಲಿ 1903ನೆಯ ಇಸವಿಯ ಡಾಲರುಗಳಿದ್ದವು. ಅದುವರೆಗೆ ಆ ನಾಣ್ಯದ ಹೊಚ್ಚಹೊಸ ಪ್ರತಿ ಬೆಲೆಪಟ್ಟಿಯಲ್ಲಿ 1,500 ಡಾಲರು. ಎಲ್ಲವೂ 1918ರ ಮೂಸೆಯಲ್ಲಿ ಕರಗಿಹೋದವೆಂದೇ ಜನ ನಂಬಿದ್ದರು. ಚೀಲಗಳು ಬಿಚ್ಚಿದವು, ಬೆಲೆ ಕೆಲವೇ ದಿನದಲ್ಲಿ ಮೂವತ್ತು ಡಾಲರಿನ ಆಸುಪಾಸಿಗೆ ಬಿದ್ದಿತು. ಜನ ಕಾಗದದ ಪತ್ರಗಳನ್ನು ಹಿಡಿದು, ಕೈಗಾಡಿಗಳನ್ನು ಕೂಡ ತಂದು, ಖಜಾನೆಯ ಬಾಗಿಲಲ್ಲಿ ಚೀಲಗಳನ್ನು ಕೊಂಡರು. 1964ರ ಮಾರ್ಚಿನಲ್ಲಿ ಸರ್ಕಾರ ಬಾಗಿಲು ಹಾಕುವಾಗ ಕೋಟಿಗಟ್ಟಲೆ ಡಾಲರುಗಳಲ್ಲಿ ಉಳಿದದ್ದು ಸುಮಾರು 30 ಲಕ್ಷ. ಅದರಲ್ಲೂ ಹೆಚ್ಚಿನವು ನೆವಾಡಾದ ಕಾರ್ಸನ್ ಸಿಟಿಯ ಟಂಕಸಾಲೆಯವು.

ಈ ಉಳಿದವನ್ನು ಸರ್ಕಾರ 1972ರಿಂದ 1980ರವರೆಗೆ ಅಂಚೆಯ ಮೂಲಕ ಮಾರಿತು. ಮಾರುವ ಮೊದಲು ಒಂದೊಂದನ್ನೂ ಕಣ್ಣಿಟ್ಟು ನೋಡಿ ವಿಂಗಡಿಸಿದರು. ಬೆಳ್ಳಗೆ ಹೊಳೆಯುವವು ಒಂದು ಕಡೆ, ‘ಚಲಾವಣೆಯಾಗದ್ದು’ ಎಂಬ ಗೌರವದ ಮುದ್ರೆಯೊಡನೆ. ಗೀರು ಬಿದ್ದವೂ ಬಣ್ಣ ಹತ್ತಿದವೂ ಇನ್ನೊಂದು ಕಡೆ, ಆ ಗೌರವವಿಲ್ಲದೆ. ಚಲಾವಣೆಯಾಗದೆ ಚೀಲದಲ್ಲೇ ಇದ್ದುದರಿಂದ ಬಣ್ಣ ಬಂತು. ಬಣ್ಣ ಬಂದದ್ದರಿಂದ ಚಲಾವಣೆಯಾಗದ್ದು ಎಂಬ ಬಿರುದು ಹೋಯಿತು! ಕಚೇರಿಯ ನ್ಯಾಯ ಎಲ್ಲೆಲ್ಲಿಯೂ ಹೀಗೆಯೇ. ಅಂದು ಎರಡನೆಯ ದರ್ಜೆಗೆ ತಳ್ಳಿಸಿಕೊಂಡ ನಾಣ್ಯಗಳಲ್ಲಿ ಚೆಲುವಾಗಿ ಬಣ್ಣ ಏರಿದವನ್ನು ಈಗ ಸಂಗ್ರಾಹಕರು ಹರಾಜಿನಲ್ಲಿ ಪೈಪೋಟಿಯಿಂದ ಹಿಡಿಯುತ್ತಾರೆ.

ರುಚಿ ಬದಲಾಯಿತು ಎಂದುಬಿಡಬಹುದು. ಆದರೆ ಅದರ ಹಿಂದೆ ಒಂದು ಕಹಿ ಅನುಭವವಿದೆ. ಅಮೆರಿಕದಲ್ಲಿ ಹಲವು ದಶಕ ಬಿಳಿಯ ಬೆಳ್ಳಿಯದೇ ಮೋಹ. ಪೇಟೆಯಲ್ಲಿ ಸಿಕ್ಕುವ ದ್ರಾವಣದಲ್ಲಿ ಅದ್ದಿದರೆ ಕ್ಷಣದಲ್ಲಿ ನಾಣ್ಯ ಹೊಸದಾಗುತ್ತಿತ್ತು. ಥಯೋಯೂರಿಯಾ ಎಂಬ ರಾಸಾಯನಿಕವೂ ಆಮ್ಲವೂ ಕೂಡಿದ ಈ ನೀರು ಸಲ್ಫೈಡನ್ನು ಕರಗಿಸುತ್ತದೆ. ಆದರೆ ಸಲ್ಫೈಡು ಹೊರಗಿನಿಂದ ಬಂದು ಕುಳಿತ ಧೂಳಲ್ಲ. ಅದು ನಾಣ್ಯದ ಸ್ವಂತ ಬೆಳ್ಳಿ. ಅದನ್ನು ತೆಗೆದರೆ ಅಷ್ಟು ಮೈ ಹೋಯಿತು. ಅಚ್ಚಿನ ಪೆಟ್ಟು ಬಿದ್ದಾಗ ಲೋಹ ನಡುವಿನಿಂದ ಅಂಚಿಗೆ ಹರಿದು ಕಣ್ಣಿಗೆ ಕಾಣದ ಸಾವಿರಾರು ಸಣ್ಣ ಗೆರೆಗಳಾಗಿರುತ್ತವೆ. ಹೊಸ ನಾಣ್ಯವನ್ನು ತಿರುಗಿಸಿದಾಗ ಗಾಡಿಯ ಚಕ್ರದ ಅರಗಳಂತೆ ಬೆಳಕು ಸುತ್ತುವುದು ಆ ಗೆರೆಗಳಿಂದ. ಒಂದು ಸಲ ಅದ್ದಿದರೆ ಬಹುಶಃ ತಿಳಿಯುವುದಿಲ್ಲ. ಹಲವು ಸಲ ಅದ್ದಿದರೆ ಗೆರೆಗಳು ಸವೆದು, ಬಿಳುಪು ಉಳಿದು ಜೀವ ಹೋಗುತ್ತದೆ. ಸುಣ್ಣ ಬಳಿದ ಗೋಡೆಯ ಬಿಳುಪು.

ನಮ್ಮ ಹುಣಿಸೆಹಣ್ಣಿನ ವಿಷಯ ಬೇರೆ. ಹುಣಿಸೆಯ ಹುಳಿ ತಾಮ್ರದ ಕಿಲುಬನ್ನು ಚೆನ್ನಾಗಿ ಕರಗಿಸುತ್ತದೆ. ಆದ್ದರಿಂದಲೇ ತಾಮ್ರದ ಚೊಂಬು ಒಂದೇ ಉಜ್ಜಿಗೆ ಥಳಥಳಿಸುತ್ತದೆ. ಬೆಳ್ಳಿಯ ಸಲ್ಫೈಡನ್ನು ಅದು ಕರಗಿಸಲಾರದು. ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಬೆಳ್ಳಿ, ಒಂದು ತಾಮ್ರ. ಆ ತಾಮ್ರದ ಕಂದು ಹೋಗಿ ಅಷ್ಟಿಷ್ಟು ತಿಳಿಯಾಗಬಹುದು. ಉಳಿದ ಕೆಲಸವನ್ನೆಲ್ಲ ಮಾಡುತ್ತಿದ್ದದ್ದು ಬೂದಿ ಮತ್ತು ನಾರು. ಎಂದರೆ, ನಾನು ಪ್ರತಿ ದೀಪಾವಳಿಗೂ ರಾಜರಾಣಿಯರ ಮುಖವನ್ನು ಉಪ್ಪುಕಾಗದದಿಂದ ತಿಕ್ಕುವಷ್ಟೇ ಪುಣ್ಯದ ಕೆಲಸ ಮಾಡುತ್ತಿದ್ದೆ. ವಿಕ್ಟೋರಿಯಾ ರಾಣಿಯ ಮೂಗು ಮೊಂಡಾದದ್ದು ಚಲಾವಣೆಯಿಂದ ಎಂದು ತಿಳಿದಿದ್ದೆ. ಅರ್ಧ ಪಾಪ ನಮ್ಮ ಬಚ್ಚಲಿನದು.

ನಾಣ್ಯದ ಮೈ ಕಳೆಯುವುದರಲ್ಲಿ ಏನು ಕಳೆಯುತ್ತದೆ ಎಂದು ಕೇಳುವವರಿಗೆ ನಾನು ದಾಮೋದರ ಕೋಸಂಬಿಯವರ ತಕ್ಕಡಿಯನ್ನು ತೋರಿಸುತ್ತೇನೆ. ಗಣಿತಜ್ಞರಾದ ಅವರು 1940ರ ದಶಕದ ಆರಂಭದಲ್ಲಿ, ತಕ್ಷಶಿಲೆಯಲ್ಲಿ 1924ರಲ್ಲಿ ಸಿಕ್ಕಿದ್ದ ಮುದ್ರಾಂಕಿತ ಬೆಳ್ಳಿನಾಣ್ಯಗಳ ನಿಧಿಯನ್ನು ಅಭ್ಯಾಸಕ್ಕೆ ತೆಗೆದುಕೊಂಡರು. ಆ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಸೂರ್ಯ, ಬೆಟ್ಟ, ಪ್ರಾಣಿ ಇಂಥ ಮುದ್ರೆಗಳು ಮಾತ್ರ. ಕೋಸಂಬಿಯವರ ತರ್ಕ ಸರಳ. ಕೈಯಿಂದ ಕೈಗೆ ಹೋಗುವ ನಾಣ್ಯ ವರ್ಷವರ್ಷವೂ ಕೂದಲೆಳೆಯಷ್ಟು ಸವೆಯುತ್ತದೆ. ಆದ್ದರಿಂದ ಒಂದೇ ನಿಧಿಯಲ್ಲಿ ಹಗುರವಾದ ಗುಂಪು ಹಳೆಯದು, ಭಾರವಾದ ಗುಂಪು ಹೊಸದು. ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನೂ ತೂಗಿ ಈ ಸವೆತದ ಲೆಕ್ಕವನ್ನು ಪರೀಕ್ಷಿಸಿದರು. ಅವರ ಲೇಖನಗಳಲ್ಲಿ ಒಂದು ಪ್ರಕಟವಾದದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ರಾಜವಂಶಗಳ ಕ್ರಮವನ್ನು ಗುಂಜಿಯ ಸಣ್ಣ ಭಾಗಗಳಲ್ಲಿ ಹುಡುಕಿದ ಕೆಲಸ ಅದು. ಯಾರಾದರೊಬ್ಬ ಭಕ್ತ ಆ ನಿಧಿಯನ್ನು ದೊರೆತೊಡನೆ ಬೂದಿ ಹಾಕಿ ಬೆಳಗಿದ್ದರೆ, ತಕ್ಕಡಿ ಹೇಳುತ್ತಿದ್ದದ್ದು ರಾಜರ ಕಾಲವನ್ನಲ್ಲ, ಬೆಳಗಿದವನ ತೋಳಿನ ಬಲವನ್ನು.

ಹಾಗೆಂದು ಎಲ್ಲ ಮಾಸೂ ಒಳ್ಳೆಯದೆಂದು ನಾನು ಹೇಳುವವನಲ್ಲ. ದಪ್ಪಗೆ ಕಪ್ಪುಗಟ್ಟಿದ ಪೊರೆಯ ಕೆಳಗೆ ಬೆಳ್ಳಿ ತಿಂದುಹೋಗಿರುತ್ತದೆ. ಉಪ್ಪುನೆಲದಲ್ಲಿ ಹೂತ ನಾಣ್ಯಕ್ಕೆ ಗಂಧಕವಲ್ಲ, ಕ್ಲೋರಿನ್ನು ಅಂಟಿ ಮೇಣದಂಥ ಗಡಸು ಪದರ ಬೆಳೆಯುತ್ತದೆ. ಅದನ್ನು ಬಿಡಿಸುವುದು ಪ್ರಯೋಗಾಲಯದವರ ಕೆಲಸ. ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಜೇಬುಗಳಲ್ಲಿಟ್ಟರೆ ಹಸಿರು ಜಿಗುಟು ಕೂರುತ್ತದೆ. ಅದು ಬಣ್ಣವಲ್ಲ, ರೋಗ. ಉಜ್ಜದೆ ಅಸಿಟೋನಿನಲ್ಲಿ ನೆನೆಸಿ ತೆಗೆಯಬೇಕು. ಇನ್ನು 1940ರಿಂದ ಈಚಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದು, ತಾಮ್ರ 40, ನಿಕ್ಕಲ್ 5, ಸತುವು 5 ಪಾಲು ಸೇರಿದವು. ಅವು ಸಾಮಾನ್ಯವಾಗಿ ಮಾಸುವುದು ಬೂದುಗಂದಾಗಿ. ಕಾಮನಬಿಲ್ಲನ್ನು ಅವುಗಳಿಂದ ನಿರೀಕ್ಷಿಸಬಾರದು. 1947ರ ರೂಪಾಯಿಯಂತೂ ಬರಿಯ ನಿಕ್ಕಲ್. ಅದಕ್ಕೆ ಈ ಭಾಗ್ಯವೇ ಇಲ್ಲ.

ಬಣ್ಣಕ್ಕೆ ಬೆಲೆ ಬಂದ ಮೇಲೆ ಬಣ್ಣ ಬಳಿಯುವವರೂ ಹುಟ್ಟಬೇಕಷ್ಟೆ. ಗಂಧಕದ ಹೊಗೆ ಕೊಟ್ಟು, ಒಲೆಯಲ್ಲಿ ಕಾಯಿಸಿ, ಎಂಬತ್ತು ವರ್ಷದ ಕೆಲಸವನ್ನು ಮಧ್ಯಾಹ್ನದಲ್ಲಿ ಮುಗಿಸುವ ಕಲಾವಿದರಿದ್ದಾರೆ. 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ನಾಣ್ಯಗಳಿಗೆ ದರ್ಜೆ ಕೊಟ್ಟು ಮೊಹರು ಮಾಡುವ ಸಂಸ್ಥೆಗಳು ಹುಟ್ಟಿದವು. ಅವರ ತಲೆನೋವುಗಳಲ್ಲಿ ಇದು ದೊಡ್ಡದು. ಹಿಂದೆ ಹೇಳಿದ ಬಣ್ಣಗಳ ಕ್ರಮ ಇಲ್ಲಿ ಸಾಕ್ಷಿಗೆ ಬರುತ್ತದೆ. ನಿಧಾನವಾಗಿ ಬಂದ ಬಣ್ಣ ಹಳದಿಯಿಂದ ನೇರಿಳೆಗೆ, ನೇರಿಳೆಯಿಂದ ನೀಲಿಗೆ ಮೆಟ್ಟಿಲು ತಪ್ಪದೆ ಕರಗುತ್ತ ಹೋಗುತ್ತದೆ. ಅದರ ಕೆಳಗೆ ಅಚ್ಚಿನ ಹೊಳಪು ಇನ್ನೂ ಸುತ್ತುತ್ತಿರುತ್ತದೆ. ಅವಸರದ ಬಣ್ಣ ಮೆಟ್ಟಿಲು ಹಾರುತ್ತದೆ. ಅಕ್ಷರಗಳ ಉಬ್ಬುಗಳ ಮೇಲೆ ಬಣ್ಣ ತೇಲಿದಂತೆ ಕುಳಿತಿರುತ್ತದೆ. ಆದರೂ ಬಲ್ಲವರೂ ಮೋಸಹೋಗುತ್ತಾರೆ. ಎರಡೂ ರಸಾಯನ ಒಂದೇ. ಕಾಲ ಒಂದೇ ಬೇರೆ. ಕಾಲವನ್ನು ಪರೀಕ್ಷಿಸುವ ಒರೆಗಲ್ಲು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಅಜ್ಜಿಯನ್ನು ನಾನು ತಪ್ಪಿತಸ್ಥೆಯೆಂದು ಎಣಿಸುವುದಿಲ್ಲ. ಅವರ ಪಾಲಿಗೆ ಆ ಗಂಟು ಚರಿತ್ರೆಯಾಗಿರಲಿಲ್ಲ, ಲಕ್ಷ್ಮಿಯಾಗಿತ್ತು. ದೇವರನ್ನು ಮೀಯಿಸದೆ ಪೂಜೆಗೆ ಕೂರಿಸುವುದುಂಟೆ? ಕಾಸಿನಸರದ ರೂಪಾಯಿಗಳನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಕೊರಳಿಗೆ ಹಾಕಿಕೊಂಡ ಹೆಂಗಸರು ಅದರ ಇಸವಿಯನ್ನು ನೋಡಿದವರಲ್ಲ. ಧರಿಸುವ ಬೆಳ್ಳಿ ಬೇರೆ, ಇರಿಸುವ ಬೆಳ್ಳಿ ಬೇರೆ ಎಂಬ ಭೇದ ಅವರಿಗೆ ಬೇಕಾಗಿಯೂ ಇರಲಿಲ್ಲ. ಆದರೆ ಪಂಚಾಂಗದ ಹಾಳೆಯಲ್ಲಿ ದಾರ ಕಟ್ಟಿ ಒಂದನ್ನು ಬೇರೆಯಾಗಿ ಇಟ್ಟವರು ಯಾರು, ಯಾತಕ್ಕೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಈಗಲೂ ಬಿಟ್ಟಿಲ್ಲ. ಯಾರದೋ ಮೊದಲ ಸಂಬಳವಿರಬಹುದು, ಹರಕೆಯಿರಬಹುದು. ಆ ಪಂಚಾಂಗದ ಹಾಳೆಯ ಮೇಲೆ ಸಂವತ್ಸರದ ಹೆಸರು ಅಚ್ಚಾಗಿದ್ದಿರಬೇಕು. ನಾನು ಅದರಿಂದಲೇ ಒಲೆ ಹೊತ್ತಿಸಿದೆ.

ಪೆಟ್ಟಿಗೆ ಈಗ ನನ್ನ ಬಳಿ ಇದೆ, ಗಂಟೂ ಇದೆ. ಮಿತ್ರರ ಡಾಲರನ್ನು ನೋಡಿದ ಮೇಲೆ ರೂಪಾಯಿಗಳನ್ನು ತಿಕ್ಕುವುದನ್ನು ನಿಲ್ಲಿಸಿದ್ದೇನೆ. ದೀಪಾವಳಿಗೆ ಅವನ್ನು ಹಾಗೆಯೇ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮವನ್ನು ತಟ್ಟೆಯ ಅಂಚಿಗೆ ಹಾಕುತ್ತೇವೆ. ಮನೆಯಾಕೆಗೆ ಇದು ಅಷ್ಟೇನೂ ಸಮ್ಮತವಲ್ಲ. 1918ರ ರೂಪಾಯಿ ಮತ್ತೆ ಮಾಸಿದೆ. ಆದರೆ ಹಳೆಯ ನೀಲಿ ಬರಲಿಲ್ಲ. ನಾರಿನ ಗೀರುಗಳ ಮೇಲೆ ಕಂದು ಎಳೆಎಳೆಯಾಗಿ ಕುಳಿತಿದೆ. ರಾಜನ ಕೆನ್ನೆಯ ಮೇಲೆ, ಒಮ್ಮೆ ಬೆಳ್ಳಗಿದ್ದ ಜಾಗದಲ್ಲಿ, ಕೈಯ ಬೆವರಿನ ಉಪ್ಪಿನಿಂದ ಒಂದು ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಕಪ್ಪಗೆ ಮೂಡಿದೆ. ಚಿಕ್ಕ ಬೆರಳು, ಹುಡುಗನದು.